ಅತ್ತದ್ದಕ್ಕೆ ದಂಡ

"ಗಂಡ ಸತ್ತಾಗ ಅಳೋದಕ್ಕೂ ದಂಡ ಹಾಕೋ ಊರು ಇನ್ನೆಲ್ಲಾದ್ರೂ ಐತಾ?"

ಉಮ್ಸುನಾಯಿ ಯಾರನ್ನೂ ನೋಡದೆ ಕೇಳಿ, ಸಲಿಕೆಯನ್ನು ಕಲ್ಲಿದ್ದಲ ಗುಡ್ಡೆಗೆ ತಿವಿದಳು. ನಾನು ಚೀಲದ ಬಾಯಿ ಹಿಡಿದಿದ್ದೆ. ನಾರಿನ್ ಪಟ್ಟಣದಲ್ಲಿ ಬಡವರ ನೆರವಿಗೆಂದು ತೆರೆದ ಕೇಂದ್ರದ ಹಿತ್ತಲು ಅದು. ದಂಡ ಕಟ್ಟಲಾಗದವರು ಅಲ್ಲಿ ಬಿಟ್ಟಿ ದುಡಿದು ತೀರಿಸಬೇಕು. ನನ್ನದು ಪರವಾನಗಿ ಇಲ್ಲದೆ ರಸ್ತೆಬದಿ ಸೂರ್ಯಕಾಂತಿ ಬೀಜ ಮಾರಿದ ತಪ್ಪು. ಅವಳು ಗಣಿಯಿಂದ ಗಂಡನ ಹೆಣ ತರಲು ಕೇಂದ್ರದ ಗಾಡಿ ಕೇಳಿದ್ದಳು. ಇಲ್ಲವೆಂದರು. ಅಲ್ಲೇ ಬಾಗಿಲಲ್ಲಿ ಕುಳಿತು ಕೊಶೋಕ್ ಹಾಡಿದಳು. ಸತ್ತವರ ಬಾಳನ್ನು ಪದ ಕಟ್ಟಿ ಅಳದೆ ನಮ್ಮ ಹೆಂಗಸರು ಯಾರನ್ನೂ ಮಣ್ಣಿಗೆ ಕಳಿಸುವುದಿಲ್ಲ. ಗದ್ದಲವೆಂದು ಪೊಲೀಸರನ್ನು ಕರೆಸಿದವನು ಕೇಂದ್ರದ ಮುಖ್ಯಸ್ಥ ತೆಂಟಿಮಿಶ್.

ಕೆಲಸ ಮುಗಿಯಿತೆಂದು ಅವನೇ ಸಹಿ ಹಾಕಬೇಕು. ಹಾಕಿದರಷ್ಟೇ ಬಡವರಿಗೆ ಹಂಚುವ ಕಲ್ಲಿದ್ದಲಲ್ಲಿ ನಮಗೂ ಪಾಲು. ಉಮ್ಸುನಾಯಿಯ ಒಲೆ ಆರಿ, ಚಳಿಗೆ ಮಗಳ ಎದೆ ಕಟ್ಟಿತ್ತು.

"ಏನೇ, ಇವತ್ತು ರಾಗ ಇಲ್ವಾ?" ತೆಂಟಿಮಿಶ್ ಹಲ್ಲುಕಡ್ಡಿ ಆಡಿಸುತ್ತ ಬಂದ. "ಅವತ್ತು ನಿನ್ನ ಗಂಟಲಿಗೆ ನಾಯಿಗಳೆಲ್ಲ ಊರು ಬಿಟ್ವು!"

"ಎಲ್ಲಾ ಬಿಟ್ಟಿಲ್ಲ, ಯಜಮಾನ್ರೇ."

ನಾನು ಚೀಲದೊಳಕ್ಕೆ ಮುಖ ಹಾಕಿ ನಕ್ಕೆ.

ಮುಂದಿನ ವಾರ ಅವನ ತಾಯಿ ತೀರಿಕೊಂಡಳು. ಅವನ ಮನೆಯಂಗಳದಲ್ಲಿ ಹೆಣವಿಡಲು ಬಿಳಿ ಕಂಬಳಿಯ ಗುಡಾರ ಎದ್ದಿತು. ಸಾವಿನೂಟಕ್ಕೆ ಕಡಿದ ಕುದುರೆಯ ಕರುಳು ತೊಳೆಯಲು ನಮ್ಮನ್ನೇ ಎಳೆತಂದರು, ಅದೂ ಸಮಾಜಸೇವೆಯಂತೆ. ಗಂಡಸರು ಎದೆ ಬಡಿದುಕೊಂಡು "ಅಯ್ಯೋ ನನ್ನವ್ವಾ" ಎನ್ನುತ್ತ ಬಂದರೆ ಗುಡಾರದೊಳಗಿನಿಂದ ಹೆಂಗಸರ ಪದ ಎದ್ದು ಬರಬೇಕು. ಬರಲಿಲ್ಲ. ಪದ ಬಾರದ ಸೊಸೆಯಂದಿರು ಮೊಬೈಲು ನೋಡುತ್ತ ಕುಳಿತಿದ್ದರು.

"ಮುದುಕಿ ಸತ್ತಿದ್ದಾಳೋ, ಮಲಗಿದ್ದಾಳೋ?" ನೆಂಟನೊಬ್ಬ ಗಟ್ಟಿಯಾಗಿಯೇ ಕೇಳಿದ.

ತೆಂಟಿಮಿಶ್ ನಾವು ಕರುಳು ತೊಳೆಯುತ್ತಿದ್ದ ಹಿತ್ತಲಿಗೆ ಓಡಿಬಂದ.

"ಉಮ್ಸುನಾಯಿ ಅಕ್ಕಾ..."

ಅಕ್ಕನಂತೆ, ಮುಂಡೇಮಗ.

"ಒಳಗ್ ಬನ್ನಿ ಅಕ್ಕಾ. ಅಮ್ಮನ ಮೇಲೆ ಎರಡು ಪದ ಹೇಳಿ. ಮರ್ಯಾದೆ ಹೋಗ್ತಾ ಐತೆ. ಸಹಿ ಈಗ್ಲೇ ಹಾಕ್ತೀನಿ. ಕೇಂದ್ರದ ಗಾಡೀಲೇ ಕಲ್ಲಿದ್ದಲು ತುಂಬಿಸಿ ಮನೆಗೆ ಕಳಿಸ್ತೀನಿ."

"ಗಾಡಿ ಐತಾ ಈಗ?"

ನಾನು ಅವಳ ಮೊಣಕೈ ಹಿಡಿದು, "ಹೋಗೇ, ಮಗಳ ಮುಖ ನೋಡು," ಎಂದು ಪಿಸುಗುಟ್ಟಿದೆ. ಕೈ ಬಿಡಿಸಿಕೊಂಡಳು. ಕರುಳನ್ನು ಒಳಹೊರಗು ಮಾಡಿ ಮತ್ತೊಮ್ಮೆ ತೊಳೆದು ಬೋಗುಣಿಗೆ ಹಾಕಿದಳು.

"ನಿಮ್ಮವ್ವ ಒಳ್ಳೇಕೆ. ಅವಳಿಗಾಗಿ ನಾನು ನಮ್ಮನೇಲೇ ಕೂತು ಪದ ಹೇಳಿ ಅತ್ತಾಯ್ತು," ಎಂದಳು. "ನಿನ್ನ ಬಾಗಿಲಲ್ಲಿ ಹಾಡಲ್ಲ. ಹೋಗು."