ಕೈ ಎಟುಕದ ಜಾಗದಲ್ಲಿ ಕಲೆಯಿರಲಿಲ್ಲ

ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದರು ಅನ್ನುತ್ತಾರಲ್ಲ, ಬಿರಾಮ ಜೋಪ್ ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿದ್ದ. ಹೆಂಡತಿ ಕುಂಬಾಳಿಗೆ ಏಳು ತಿಂಗಳು ತುಂಬಿತ್ತು ಅಷ್ಟೆ. ಆಗಲೇ ನಾಮಕರಣದ ಔತಣಕ್ಕೆಂದು ಕೊಬ್ಬಿದ ಟಗರೊಂದನ್ನು ತಂದು ಅಂಗಳದ ಬೇವಿನ ಮರಕ್ಕೆ ಕಟ್ಟಿಬಿಟ್ಟಿದ್ದ. ದೋಣಿಗಳಿಗೆ ಬಣ್ಣ ಹಚ್ಚುವ ಕೆಲಸ ಅವನದು. ಸಂಜೆ ಬಂದು ಕೈಯ ಬಣ್ಣ ತೊಳೆಯುವ ಮೊದಲೇ ಆ ಟಗರಿಗೆ ಹುಲ್ಲು ಹಾಕಿ, ಅದರ ಹತ್ತಿರ ಮಗುವಿನ ವಿಷಯ ಮಾತಾಡುತ್ತಿದ್ದ. ಓಣಿಯ ಹುಡುಗಿಯರು ಕಿಸಕ್ಕನೆ ನಕ್ಕರೂ ಅವನಿಗೆ ಲೆಕ್ಕವಿಲ್ಲ.

ಅವನ ಸಂಭ್ರಮ ಸುಳ್ಳಲ್ಲ. ಮದುವೆಯಾಗಿ ಏಳು ವರ್ಷಕ್ಕೆ ಇದು ಮೊದಲ ಬಸಿರು. ಮಗು ಹುಟ್ಟಿದ ಎಂಟನೆಯ ದಿನ ನಾಮಕರಣ. ಬೆಳಿಗ್ಗೆ ಬಂದವರಿಗೆಲ್ಲ ಮೊಸರು ಕಲಸಿದ ಸಜ್ಜೆಯ ಗಂಜಿ, ಮಧ್ಯಾಹ್ನ ಮೀನಿನ ಅನ್ನ, ಸಂಜೆ ಡೋಲು. ಆ ಸಂಜೆ ಬಾಣಂತಿ ಗಂಜಿ ಹಾಕಿದ ಹೊಸ ಬಟ್ಟೆಯ ನಿಲುವಂಗಿ ತೊಟ್ಟು ನಡುಮನೆಯಲ್ಲಿ ಕೂತರೆ ಅರ್ಧ ರುಫಿಸ್ಕ್ ಪಟ್ಟಣವೇ ಅವಳ ಮುಖ ನೋಡಲು ಬರುತ್ತದೆ. ವಿಡಿಯೋದವನು ಕಣ್ಣು ಕುಕ್ಕುವ ದೀಪ ಹಿಡಿದು ಮುಖದ ಹತ್ತಿರಕ್ಕೇ ಬರುತ್ತಾನೆ.

ಕುಂಬಾಳಿಗೆ ಚಿಂತೆ ಹತ್ತಿದ್ದು ಆ ದೀಪದ್ದೇ. ಅವಳ ಎರಡೂ ಕೆನ್ನೆಯ ಮೇಲೆ ಕಪ್ಪು ಕಲೆಗಳಿದ್ದವು. ಎಳ್ಳು ಚೆಲ್ಲಿದ ಹಾಗೆ ಶುರುವಾದದ್ದು ಈಗ ಅಂಗೈಯಗಲ ಹರಡಿತ್ತು.

ನಾಲ್ಕು ವರ್ಷದ ಹಿಂದೆ ಮೈದುನನ ಮದುವೆಗೆಂದು ಅವಳು ಮೊದಲ ಸಲ ಬೆಳ್ಳಗಾಗುವ ಕ್ರೀಮು ಹಚ್ಚಿದ್ದಳು. ಎರಡೇ ತಿಂಗಳಲ್ಲಿ ಮುಖ ಹೊಳೆಯಿತು. ಬಂದವರೆಲ್ಲ ಹೊಗಳಿದರು, ಅವಳು ಉಬ್ಬಿದಳು. ಆಮೇಲೆ ಕಲೆ ಬಂತು. ಕಲೆ ಹೋಗಲೆಂದು ಇನ್ನೊಂದು ಕ್ರೀಮು ಹಚ್ಚಿದಳು, ಅದಕ್ಕೂ ಬಗ್ಗಲಿಲ್ಲವೆಂದು ಸೋಪು ಬದಲಿಸಿದಳು. ಕೊನೆಗೆ ಸಂತೆಯ ಅಂಗಡಿಯವಳು ಮೂರ್ನಾಲ್ಕು ಟ್ಯೂಬು ಹಿಂಡಿ ಕಲಸಿ ಕೊಟ್ಟ, ಚೀಟಿಯೂ ಇಲ್ಲದ ಡಬ್ಬಿಗೆ ಬಂದು ನಿಂತಳು. ಬಸಿರಾದ ಮೇಲಾದರೂ ಬಿಟ್ಟಳೇ? ಬಿಡಲಿಲ್ಲ. ನಾಮಕರಣ ಹತ್ತಿರ ಬಂತೆಂದು ದಿನಕ್ಕೆ ಒಂದು ಸಲ ಹಚ್ಚುತ್ತಿದ್ದವಳು ಎರಡು ಸಲ ಹಚ್ಚತೊಡಗಿದಳು. ಆ ಊರಿನಲ್ಲಿ ಬಸುರಿಯರು ಮಾಡುವ ತಪ್ಪೇ ಇದು. ಎಂಟನೆಯ ದಿನದ ಹೊಳಪಿಗಾಗಿ ಎಂಟನೆಯ ತಿಂಗಳಲ್ಲಿ ಮೈ ತುಂಬ ಕ್ರೀಮು ಮೆತ್ತಿಕೊಳ್ಳುತ್ತಾರೆ.

ಒಂದು ಮಂಗಳವಾರ ತಪಾಸಣೆಗೆ ಹೋದಾಗ ಹೆರಿಗೆ ನರ್ಸ್ ಆವಾ ಬಿಪಿ ನೋಡಿದಳು. ನೂರ ಐವತ್ತು. ಮತ್ತೊಮ್ಮೆ ನೋಡಿದಳು, ಅಷ್ಟೇ ಬಂತು. ಟೇಪು ಹಿಡಿದು ಹೊಟ್ಟೆ ಅಳೆದಳು. ಆಗಿರುವ ತಿಂಗಳಿಗೆ ಮಗು ಚಿಕ್ಕದಿದೆ ಎಂದಳು. ಮುಂದಿನ ವಾರದೊಳಗೆ ಬಿಪಿ ಇಳಿಯದಿದ್ದರೆ ದೊಡ್ಡಾಸ್ಪತ್ರೆಗೆ ಹೋಗಬೇಕು, ತಾಯಿಗೂ ಮಗುವಿಗೂ ಅಪಾಯ ಎಂದು ನೇರವಾಗಿ ಹೇಳಿದಳು. ಆಮೇಲೆ ಮೈಗೆ ಏನಾದರೂ ಹಚ್ಚುತ್ತೀಯೇನಮ್ಮ ಎಂದು ಮೂರು ಸಲ ಕೇಳಿದಳು. ಮೂರು ಸಲವೂ ಕುಂಬಾ ಸೋಪು ಬಿಟ್ಟರೆ ಏನಿಲ್ಲ ಅಂದಳು. ಹಾಗಂದವಳು ಕೈಯನ್ನೇಕೆ ಮೇಲ್ವಸ್ತ್ರದೊಳಗೆ ಸೇರಿಸಬೇಕು? ಮೈಯೆಲ್ಲ ಬೆಳ್ಳಗಾದರೂ ಬೆರಳಿನ ಗೆಣ್ಣುಗಳು ಕಪ್ಪಗೇ ಉಳಿದು ಗುಟ್ಟು ರಟ್ಟು ಮಾಡುತ್ತವೆಂದು ಅವಳಿಗೆ ಗೊತ್ತಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ಎಲ್ಲ ಊರಲ್ಲೂ ಇರುತ್ತಾರೆ.

ಕುದುರೆಗಾಡಿಯಲ್ಲಿ ಮನೆಗೆ ಬರುವಾಗ ದಾರಿಯುದ್ದಕ್ಕೂ ಅವಳ ಕಿವಿಯಲ್ಲಿ ‘ಮಗು ಚಿಕ್ಕದಿದೆ’ ಎಂಬ ಮಾತೇ ಗುಂಯ್ಗುಡುತ್ತಿತ್ತು. ಏಳು ವರ್ಷ ಕಾದ ಹೆಣ್ಣಿಗೆ ಆ ಮಾತು ಹೇಗಿರಬೇಡ. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಒದಿ ಕಂದಾ, ಒಂದು ಸಲ ಒದಿ ಎಂದು ಮನಸ್ಸಿನಲ್ಲೇ ಬೇಡಿಕೊಂಡಳು.

ಮನೆಯಲ್ಲಿ ಗಂಡನ ಅಕ್ಕ ಮಾಗೆತ್ ಜೋಪ್ ಕಾಯುತ್ತಿದ್ದಳು. ದೊಡ್ಡ ದನಿ, ದೊಡ್ಡ ಮನಸ್ಸು, ಕೈ ತುಂಬ ಬಳೆ. ನಾಮಕರಣದ ಹಿರಿತನವೆಲ್ಲ ಗಂಡನ ಅಕ್ಕನದೇ. ಅವಳು ನಿಂಬೆಹಳದಿ ಬಣ್ಣದ ಬಟ್ಟೆಯ ಜೊತೆ ಹೊಸ ಡಬ್ಬಿಯೊಂದನ್ನೂ ತಂದಿದ್ದಳು. ಇದು ಹಳೆಯದಕ್ಕಿಂತ ಖಾರವಾದದ್ದು, ಎಂಟೇ ದಿನದಲ್ಲಿ ಕಲೆ ಮಂಗಮಾಯ, ಈ ಬಣ್ಣದ ಬಟ್ಟೆಗೆ ಬಿಳಿ ಮುಖವೇ ಸೈ ಎಂದು ಒಂದೇ ಉಸಿರಿಗೆ ಹೇಳಿದಳು. ಗಂಡನ ಅಕ್ಕ ಪ್ರೀತಿಯಿಂದ ಕೊಟ್ಟದ್ದನ್ನು ಬೇಡ ಅನ್ನುವ ಸೊಸೆ ಆ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ಕುಂಬಾ ಡಬ್ಬಿ ಹಿಡಿದುಕೊಂಡು ನಿಂತಳು. ಹಚ್ಚಿದರೆ ಭಯ, ಬಿಟ್ಟರೆ ಅಕ್ಕನಿಗೆ ಅವಮಾನ.

ಅಷ್ಟರಲ್ಲಿ ಬಾಗಿಲಲ್ಲಿ ಸೀರಾ ನ್ಜಾಯ್ ಕಾಣಿಸಿಕೊಂಡಳು. ಆ ಊರಲ್ಲಿ ಓಣಿಗೊಬ್ಬ ಹೆಂಗಸನ್ನು ಆರಿಸಿ, ಆರೋಗ್ಯದ ತರಬೇತಿ ಕೊಟ್ಟು, ಬಸುರಿ ಬಾಣಂತಿಯರನ್ನು ನೋಡಿಕೊಳ್ಳಲು ಬಿಟ್ಟಿರುತ್ತಾರೆ. ಓಣಿಯ ಸೋದರತ್ತೆ ಎಂದೇ ಅವಳಿಗೆ ಹೆಸರು. ಚಿಕ್ಕವರು ದೊಡ್ಡವರೆಲ್ಲ ಸೀರಾಳನ್ನು ಅತ್ತೆ ಅಂತಲೇ ಕರೆಯುತ್ತಿದ್ದರು. ನರ್ಸ್ ಆವಾ ಫೋನು ಮಾಡಿ ಹೇಳಿದ್ದರಿಂದಲೇ ಅವಳು ಓಡಿ ಬಂದಿದ್ದಳು.

ಇಲ್ಲೊಂದು ವಿಷಯ ಹೇಳಬೇಕು. ಜೋಪ್ ಮನೆತನಕ್ಕೂ ನ್ಜಾಯ್ ಮನೆತನಕ್ಕೂ ಮುತ್ತಜ್ಜರ ಕಾಲದಿಂದ ತಮಾಷೆಯ ನಂಟು. ಒಬ್ಬರನ್ನೊಬ್ಬರು ನನ್ನ ಆಳು ಎಂದು ಕರೆಯಬಹುದು, ಹೊಟ್ಟೆಬಾಕರು ಎಂದು ಹಂಗಿಸಬಹುದು. ಬೇರೆ ಯಾರೂ ಆಡಲಾಗದ ಮಾತನ್ನು ಮುಖಕ್ಕೆ ಹೊಡೆದ ಹಾಗೆ ಆಡಬಹುದು. ಕೇಳಿಸಿಕೊಂಡವರು ಸಿಟ್ಟಾಗುವಂತಿಲ್ಲ. ಸಿಟ್ಟಾದವರು ಸೋತ ಹಾಗೆ.

“ಏನೇ ಮಾಗೆತ್, ಜೋಪ್‌ಗಳ ಮನೇಲಿ ಪಾತ್ರೆ ತಳ ಕಾಣೋ ತನಕ ಅನ್ನ ತಿಂದಾಯ್ತಾ? ಯಜಮಾನಿ ಬಂದಿದೀನಿ, ಎದ್ದು ನಿಂತ್ಕೋ.”

“ನೀನೇ ನಮ್ಮ ಆಳು ಕಣೇ. ಹೋಗಿ ಟಗರಿಗೆ ನೀರಿಡು” ಎಂದು ಮಾಗೆತ್ ಕೂತಲ್ಲಿಂದಲೇ ತಿರುಗೇಟು ಕೊಟ್ಟಳು.

ಸೀರಾಳ ಕಣ್ಣು ಕುಂಬಾಳ ಕೈಯಲ್ಲಿದ್ದ ಡಬ್ಬಿಯ ಮೇಲೆ ಬಿತ್ತು. ಆಳಿನ ಮನೆಯ ಸಾಮಾನೆಲ್ಲ ಯಜಮಾನಿಯದೇ ಎಂದವಳು ಅದನ್ನು ಲಬಕ್ಕನೆ ಕಿತ್ತು ತನ್ನ ಚೀಲಕ್ಕೆ ಹಾಕಿಕೊಂಡಳು. ಮಾಗೆತ್‌ಗೆ ನಗಬೇಕೋ ಬಯ್ಯಬೇಕೋ ತಿಳಿಯಲಿಲ್ಲ. ತಮಾಷೆಗೆ ಕಿತ್ತುಕೊಂಡದ್ದನ್ನು ವಾಪಸು ಕೇಳಿದರೆ ಜೋಪ್ ಸೋತಂತೆ. ಕುಂಬಾಳ ಎದೆಯ ಮೇಲಿನ ಕಲ್ಲು ಮಾತ್ರ ಇಳಿಯಿತು. ಬೇಡವೆಂದು ಅವಳು ಹೇಳಬೇಕಾಗಲೇ ಇಲ್ಲ.

ಆಮೇಲೆ ಸೀರಾ ಕುಂಬಾಳ ಪಕ್ಕ ಚಾಪೆಯ ಮೇಲೆ ಕೂತಳು. ದನಿ ಬದಲಾಯಿತು.

“ತಮಾಷೆ ಮುಗೀತು ಮಗಳೇ. ಆವಾ ಕೇಳಿದ್ದನ್ನೇ ನಾನೂ ಕೇಳ್ತೀನಿ. ಮಗು ಉಳಿಸ್ಕೊಳ್ಳೋಕೆ ಬೇಕಾಗಿರೋ ಉತ್ತರ ಅದು.”

ಕುಂಬಾ ಅತ್ತೇಬಿಟ್ಟಳು. ನಾಲ್ಕು ವರ್ಷದಿಂದ ಹಚ್ಚುತ್ತಿದ್ದೇನೆ, ಈಗಂತೂ ದಿನಕ್ಕೆರಡು ಸಲ, ಮೈಗೆಲ್ಲ ಎಂದು ಬಿಕ್ಕುತ್ತ ಹೇಳಿದಳು. ಬಾಗಿಲ ಹೊರಗೆ ನಿಂತಿದ್ದ ಬಿರಾಮನೂ ಕೇಳಿಸಿಕೊಂಡ.

ಮಾಗೆತ್ ಸುಮ್ಮನಿರುವವಳಲ್ಲ. ಊರೇ ಹಚ್ಚುತ್ತದೆ, ನಾನೂ ಹತ್ತು ವರ್ಷದಿಂದ ಹಚ್ಚುತ್ತೇನೆ, ಸತ್ತಿದ್ದೇನೆಯೇ ಎಂದು ಜೋರು ಮಾಡಿದಳು. ಕಲೆ ಇರುವುದರಿಂದ ಕ್ರೀಮು ಹಚ್ಚುವುದು, ಕ್ರೀಮು ಬಿಟ್ಟರೆ ಮುಖವೆಲ್ಲ ಕಲೆಯಾಗುತ್ತದೆ ಎಂದು ವಾದಿಸಿದಳು.

ಸೀರಾ ವಾದಕ್ಕೆ ಹೋಗಲಿಲ್ಲ. ಬಾಗಿಲಲ್ಲಿದ್ದ ಬಿರಾಮನನ್ನು ಅಂಗಳಕ್ಕೆ ಕಳಿಸಿ ಬಾಗಿಲು ಮುಂದೆ ಮಾಡಿದಳು. ಕುಂಬಾಳ ರವಿಕೆಯನ್ನು ಹಿಂದಿನಿಂದ ಮೇಲೆತ್ತಿ, ಬಾ ನೋಡು ಎಂದು ಮಾಗೆತ್‌ಳನ್ನು ಕರೆದಳು. ತೋಳು, ಹೆಗಲು, ಸೊಂಟ ಎಲ್ಲ ಬಣ್ಣಗೆಟ್ಟು, ಅಲ್ಲಲ್ಲಿ ಕಪ್ಪು ಮಚ್ಚೆ, ಅಲ್ಲಲ್ಲಿ ತೆಳ್ಳಗೆ ಸೀಳಿದಂಥ ಗೆರೆ. ಆದರೆ ಬೆನ್ನಿನ ನಟ್ಟನಡುವೆ ಒಂದು ಅಂಗೈಯಷ್ಟು ಜಾಗ ಕಡುಗಂದು ಬಣ್ಣದಲ್ಲಿ ನುಣ್ಣಗೆ ಮಿರಮಿರನೆ ಹೊಳೆಯುತ್ತಿತ್ತು. ಒಂದು ಚುಕ್ಕೆಯೂ ಇಲ್ಲ.

“ಇಲ್ಯಾಕೆ ಕಲೆ ಇಲ್ಲ, ಹೇಳು ನೋಡೋಣ?”

ಮಾಗೆತ್ ಆ ಜಾಗವನ್ನು ಬೆರಳಿಂದ ಸವರಿ ನೋಡಿದಳು. “ಅಲ್ಲಿಗೆ ಕೈ ಎಟುಕಲ್ಲ” ಎಂದಳು ಕೊನೆಗೆ, ಸಣ್ಣ ದನಿಯಲ್ಲಿ. ತನ್ನದೇ ಬೆನ್ನು ನೋಡಿಕೊಳ್ಳುವವಳ ಹಾಗೆ ಕತ್ತು ತಿರುಗಿಸಿದಳು.

“ಹಚ್ಚದೇ ಇರೋ ಕಡೆ ಕಲೆ ಇಲ್ಲ. ಹಚ್ಚಿದ ಕಡೆಯೆಲ್ಲ ಇದೆ. ಬೆಂಕಿ ಇಟ್ಟವಳ ಹತ್ರಾನೇ ನೀರು ಕೊಳ್ಳೋಕೆ ಹೋಗ್ತಿದೀರಲ್ಲೇ.”

ಗುರುವಾರ ಆಸ್ಪತ್ರೆಗೆ ಚರ್ಮದ ಡಾಕ್ಟರು ಬರುವ ದಿನ. ಕುಂಬಾ ಹಳೆಯ ಟ್ಯೂಬು, ಸೋಪಿನ ಕಾಗದ, ಎಲ್ಲವನ್ನೂ ಚೀಲದಲ್ಲಿ ತುಂಬಿಕೊಂಡು ಹೋದಳು. ಮಾಗೆತ್ ಕರೆಯದಿದ್ದರೂ ಜೊತೆಗೆ ಹೊರಟಳು. ಡಾಕ್ಟರಮ್ಮ ಒಂದೊಂದನ್ನೇ ಓದಿ ಪಕ್ಕಕ್ಕಿಟ್ಟರು. ಒಂದು ಟ್ಯೂಬಿನಲ್ಲಿದ್ದದ್ದು ಸ್ಟೆರಾಯ್ಡ್. ಇಸುಬಿನಂಥ ಕಾಯಿಲೆಗೆ ಡಾಕ್ಟರು ಕೆಲವೇ ದಿನಕ್ಕೆ ಬರೆದುಕೊಡುವ ಔಷಧಿ. ಅದನ್ನು ವರ್ಷಗಟ್ಟಲೆ ಮೈಗೆಲ್ಲ ಹಚ್ಚಿದರೆ ಚರ್ಮ ಕಾಗದದಷ್ಟು ತೆಳುವಾಗುತ್ತದೆ, ರಕ್ತಕ್ಕೆ ಸೇರಿ ಬಿಪಿ, ಸಕ್ಕರೆ ಏರಿಸಬಹುದು, ಹೊಟ್ಟೆಯ ಮಗುವಿನ ಬೆಳವಣಿಗೆ ಕುಗ್ಗಿಸಬಹುದು. ಇನ್ನೊಂದರಲ್ಲಿದ್ದ ಹೈಡ್ರೋಕ್ವಿನೋನ್ ಮೊದಲು ಬೆಳ್ಳಗೆ ಮಾಡಿ, ಬಹುಕಾಲ ಹಚ್ಚಿದರೆ ತಾನೇ ನೀಲಿಗಪ್ಪು ಕಲೆ ತರುತ್ತದೆ. ಸೋಪಿನಲ್ಲಿ ಪಾದರಸ. ಅದು ತಾಯಿಯ ಮೂತ್ರಪಿಂಡಕ್ಕೂ ಕೂಸಿನ ಮೆದುಳಿಗೂ ವಿಷ.

ಹಾಗಾದರೆ ಎಲ್ಲ ಇವತ್ತೇ ಎಸೆಯುತ್ತೇನೆ ಎಂದಳು ಕುಂಬಾ. ಸೋಪನ್ನೂ ಹೈಡ್ರೋಕ್ವಿನೋನ್ ಟ್ಯೂಬನ್ನೂ ಚೀಟಿಯಿಲ್ಲದ ಡಬ್ಬಿಯನ್ನೂ ಇವತ್ತೇ ಬಿಡು ಎಂದರು ಡಾಕ್ಟರಮ್ಮ. ನಾಲ್ಕು ವರ್ಷ ಸ್ಟೆರಾಯ್ಡ್ ಹಚ್ಚಿದ ಮೈ ಅದಕ್ಕೆ ಒಗ್ಗಿಹೋಗಿರುತ್ತದೆ, ಅದನ್ನು ಮಾತ್ರ ನಾನು ಹೇಳಿದ ಹಾಗೆ ನನ್ನ ಕಣ್ಣೆದುರೇ ಬಿಡಿಸಬೇಕು ಎಂದು ರಕ್ತ ಪರೀಕ್ಷೆ ಬರೆದರು. ಬಿಪಿಗೆ ಬಸುರಿಯರು ನುಂಗಬಹುದಾದ ಮಾತ್ರೆ ಕೊಟ್ಟರು. ಮುಖದ ಕಲೆ ಹೋಗುತ್ತದೆಯೇ ಎಂದು ಕೇಳಿದ್ದು ಕುಂಬಾ ಅಲ್ಲ, ಮಾಗೆತ್! ಬಸುರಿನಿಂದ ಬಂದ ಕಲೆ ಹೆರಿಗೆಯಾದ ಮೇಲೆ ಎಷ್ಟೋ ತಿಳಿಯಾಗುತ್ತದೆ, ಕ್ರೀಮು ತಂದ ಕಲೆ ನಿಧಾನ, ಪೂರ್ತಿ ಹೋಗದೆಯೂ ಇರಬಹುದು ಎಂದು ಅವರು ಮುಚ್ಚುಮರೆಯಿಲ್ಲದೆ ಹೇಳಿದರು. ಬಿಸಿಲಿಗೆ ಕಲೆ ಕೆರಳುತ್ತದೆ, ಅಗಲ ಅಂಚಿನ ಟೋಪಿ ಹಾಕು, ಬಿಸಿಲು ತಡೆಯುವ ಕ್ರೀಮು ಯಾವುದೆಂದು ನಾನು ಬರೆದುಕೊಡುತ್ತೇನೆ, ಕಲೆಯ ಔಷಧಿ ಮಗು ಹುಟ್ಟಿದ ಮೇಲೆ ನೋಡೋಣ ಎಂದರು.

ಮುಂದಿನ ವಾರಗಳು ಸುಲಭವಾಗಿರಲಿಲ್ಲ. ಮುಖ ಉರಿಯಿತು, ಕೆಂಪಾಯಿತು, ಸಾಸಿವೆಯಂಥ ಗುಳ್ಳೆಗಳೆದ್ದವು. ಒಂದು ಮಧ್ಯಾಹ್ನ ಕುಂಬಾ ಹಳೆ ಕ್ರೀಮು ಒಂದು ಚೂರು ಕೊಡಿ ಎಂದು ಗೋಗರೆದಳು. ಕೊಡಲಿಲ್ಲ ಮಾಗೆತ್. ಒದ್ದೆ ಬಟ್ಟೆ ಮುಖದ ಮೇಲಿಟ್ಟು, ಬೀಸಣಿಗೆ ಹಿಡಿದು ಕೂತಳು. “ನಾನೇ ಹಾಳು ಮಾಡಿದೆ ಕಣೇ ತಂಗಿ, ನಾನೇ ಕೂತು ನೋಡ್ಕೋತೀನಿ” ಎಂದಳು. ಅಷ್ಟು ದೊಡ್ಡ ದನಿಯವಳ ಬಾಯಲ್ಲಿ ಅಷ್ಟು ಮೆತ್ತನೆ ಮಾತು ಯಾರೂ ಕೇಳಿರಲಿಲ್ಲ. ಆ ದಿನದಿಂದ ಅವಳೂ ಡಾಕ್ಟರ ಚೀಟಿ ಹಿಡಿದು ತನ್ನ ಕ್ರೀಮು ಬಿಡಲು ಶುರುಮಾಡಿದಳು.

ಬಿಪಿ ಮೆಲ್ಲಮೆಲ್ಲಗೆ ಇಳಿಯಿತು. ಆವಾಳ ಟೇಪು ವಾರಕ್ಕೊಂದಿಷ್ಟು ಉದ್ದವಾಗತೊಡಗಿತು. ಒಂಬತ್ತು ತಿಂಗಳು ತುಂಬಿ, ಒಂದು ಬೆಳಗಿನ ಜಾವ ಹೆಣ್ಣುಮಗು ಹುಟ್ಟಿತು. ತಕ್ಕಡಿಯಲ್ಲಿ ಎರಡು ಕಿಲೋ ಏಳುನೂರು ಗ್ರಾಂ. ಬಿರಾಮ ಬಣ್ಣದ ಕೈಯಲ್ಲೇ ಓಡಿಬಂದು ಆಸ್ಪತ್ರೆಯ ಬಾಗಿಲ ಬಿಳಿ ಪರದೆಯ ಮೇಲೆಲ್ಲ ನೀಲಿ ಗುರುತು ಮಾಡಿದ. ಆವಾ ಬಯ್ದರೂ ಅವನು ನಗುತ್ತಲೇ ಇದ್ದ.

ಎಂಟನೆಯ ದಿನ ಸಂಜೆ ಅಂಗಳ ಕಿಕ್ಕಿರಿದಿತ್ತು. ಡೋಲು ಬಡಿಯುತ್ತಿತ್ತು. ಕುಂಬಾ ಮುಖಕ್ಕೆ ಏನೂ ಮೆತ್ತದೆ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಕಲೆಗಳು ಹಾಗೇ ಇದ್ದವು. ವಿಡಿಯೋದವನು ದೀಪ ಹಿಡಿದು ಹತ್ತಿರ ಬಂದ. ದೂರದ ಸಂಬಂಧದ ಹೆಂಗಸೊಬ್ಬಳು ಬಾಗಿ, ಅಯ್ಯೋ, ಕೆನ್ನೆಗೇನಾಯ್ತೇ, ಒಳ್ಳೆ ಕ್ರೀಮು ಸಿಗಲಿಲ್ವಾ ಎಂದು ಎಲ್ಲರಿಗೂ ಕೇಳುವ ಹಾಗೆ ಕನಿಕರಪಟ್ಟಳು. ಮಾಗೆತ್ ಏನೋ ಹೇಳಲು ಎದ್ದಳು. ಆದರೆ ಆಸ್ಪತ್ರೆಯಲ್ಲಿ ಮೂರು ಸಲ ಸುಳ್ಳು ಹೇಳಿದ್ದ ಕುಂಬಾ ಈಗ ದೀಪದ ಕಡೆಗೇ ಮುಖ ತಿರುಗಿಸಿದಳು.

“ಕ್ರೀಮು ಸಿಕ್ಕಿತ್ತು ಚಿಕ್ಕಮ್ಮಾ. ಅದು ಮಾಡಿದ ಕಲೆಯೇ ಇದು. ಇವಳನ್ನೂ ತಿನ್ನೋಕೆ ಹೊರಟಿತ್ತು, ಬಿಟ್ಟೆ. ಕಲೆ ಇರ್ಲಿ, ನನ್ನ ಮಗಳಿದಾಳೆ.”

ಆ ಸಂಜೆ ಮನೆಗೆ ಹೋಗುವ ಮೊದಲು ಐದು ಜನ ಹೆಂಗಸರು ಒಬ್ಬೊಬ್ಬರಾಗಿ ಸೀರಾಳ ಹತ್ತಿರ ಬಂದು, ಚರ್ಮದ ಡಾಕ್ಟರು ಬರುವ ದಿನ ಯಾವುದತ್ತೆ ಎಂದು ಕಿವಿಯಲ್ಲಿ ಕೇಳಿದರು. ಕನಿಕರಪಟ್ಟ ಆ ಚಿಕ್ಕಮ್ಮನೂ ಅವರಲ್ಲಿ ಒಬ್ಬಳು.

ತಾಯಂದಿರೇ, ತಂಗಿಯರೇ, ಈಗ ನಿಮ್ಮನ್ನೇ ಕೇಳುತ್ತೇನೆ. ನಿಮ್ಮ ಮನೆಯ ಕನ್ನಡಿಯ ಹಿಂದೆ, ತಲೆದಿಂಬಿನ ಕೆಳಗೆ ಅಂಥದೊಂದು ಡಬ್ಬಿ ಇದೆಯೇ? ಒಳಗೇನಿದೆ ಎಂದು ಬರೆಯದ ಕ್ರೀಮು, ಯಾರೋ ಕಲಸಿ ಕೊಟ್ಟ ಕ್ರೀಮು, ವಾರದಲ್ಲಿ ಬೆಳ್ಳಗೆ ಮಾಡುತ್ತೇನೆನ್ನುವ ಕ್ರೀಮು ಮುಟ್ಟಬೇಡಿ. ಕಲೆ ಬಂದರೆ ನಾಚಿಕೆಯಿಲ್ಲ, ಚರ್ಮದ ಡಾಕ್ಟರಿಗೆ ತೋರಿಸಿ. ಬಹಳ ದಿನದಿಂದ ಹಚ್ಚುತ್ತಿದ್ದರೆ ಹೆದರಬೇಡಿ, ಬಚ್ಚಿಡಲೂ ಬೇಡಿ, ಆ ಡಬ್ಬಿಯನ್ನೇ ಕೈಯಲ್ಲಿ ಹಿಡಿದುಕೊಂಡು ಹೋಗಿ ಅವರು ಹೇಳಿದಂತೆ ಬಿಡಿ. ಬಸುರಿಯಾಗಿದ್ದರೆ ನಾಳೆ ಅನ್ನಬೇಡಿ, ಇವತ್ತೇ ಹೋಗಿ. ನರ್ಸಮ್ಮ ಕೇಳಿದಾಗ ನಿಜ ಹೇಳಿ, ಹೊಟ್ಟೆಯೊಳಗಿರುವ ಕೂಸಿಗೆ ತನ್ನ ಪರವಾಗಿ ಮಾತಾಡಲು ನಿಮ್ಮ ಬಾಯಿ ಬಿಟ್ಟರೆ ಬೇರೆ ಬಾಯಿಲ್ಲ.