ಅರ್ಧ ದಾಡಿ

ಬಾವಿಕಟ್ಟೆಯ ಮೇಲೆ ಮೂರು ತುಂಡುಗಳನ್ನು ಸಾಲಾಗಿ ಇಟ್ಟುಕೊಂಡು ಹುಲಿಯಾ ಬಹಳ ಹೊತ್ತಿನಿಂದ ನೋಡುತ್ತ ಕೂತಿದ್ದ. ಒಂದು ಹಿಡಿಕೆ, ಒಂದು ಹಲ್ಲುಹಲ್ಲಿನ ತಟ್ಟೆ, ಅದರ ಮೇಲೆ ಕೂರುವ ಬಾಗಿದ ಮುಚ್ಚಳ. ನಡುವೆ ಬ್ಲೇಡು ಹೋಗಬೇಕು ಎನ್ನುವುದಷ್ಟು ಗೊತ್ತಿತ್ತು. ಕಾರವಾರದ ಪೇಟೆಯಲ್ಲಿ ಅಂಗಡಿಯವನು ಪಟಪಟನೆ ಬಿಚ್ಚಿ, ಪಟಪಟನೆ ಜೋಡಿಸಿ ತೋರಿಸಿದಾಗ ಎಲ್ಲ ತಿಳಿದವನಂತೆ ತಲೆಯಾಡಿಸಿ ಬಂದಿದ್ದ. ಈಗ ತಟ್ಟೆಯ ಹಲ್ಲು ಮೇಲೆ ಬರಬೇಕೋ ಕೆಳಗೆ ಬರಬೇಕೋ ಎಂದು ಕೇಳಲು ಆ ಅಂಗಡಿಯವನಿರಲಿಲ್ಲ. ಕೊನೆಗೆ ಒಂದು ಅಂದಾಜಿನಲ್ಲಿ ಜೋಡಿಸಿ, ಹಿಡಿಕೆ ತಿರುಗಿಸಿ ಬಿಗಿಮಾಡಿ, ಬಚ್ಚಲ ಗೋಡೆಯ ಕನ್ನಡಿಯ ಮುಂದೆ ನಿಂತ.

ಮೂರು ವಾರದ ದಾಡಿ. ಸಾಬೂನಿನ ನೊರೆ ಹಚ್ಚಿದ ಮೇಲೆ ಮುಖ ಯಾರದೋ ಅನ್ನಿಸಿತು. ಬಲಗೆನ್ನೆಯ ಮೇಲೆ ಇಟ್ಟು ಕೆಳಗೆಳೆದ. ಅದು ಕೂದಲನ್ನು ಕತ್ತರಿಸುವ ಬದಲು ಹಿಡಿದು ಜಗ್ಗಿತು. ಬತ್ತ ಕೊಯ್ದ ಕೈ. ಬರಲಿಲ್ಲವೆಂದರೆ ಇನ್ನಷ್ಟು ಬಲ ಹಾಕುವುದೇ ಅದಕ್ಕೆ ಗೊತ್ತು. ಬಲ ಹಾಕಿದ. ದವಡೆಯ ತಿರುವಿನಲ್ಲಿ ಚುರುಕ್ ಎಂದಿತು. ಬಿಳಿ ನೊರೆಯೊಳಗಿಂದ ಕೆಂಪು ನಿಧಾನವಾಗಿ ಹರಡಿತು. ಒಂದು ಕೆನ್ನೆ ಮುಗಿಯುವಷ್ಟರಲ್ಲಿ ಮೂರು ಕಡೆ ಗಾಯ.

ಬಂಗಡೆ ಮೀನು ತೊಳೆಯುತ್ತಿದ್ದ ಹೆಂಡತಿ ಹೊನ್ನಮ್ಮ ತಲೆಯೆತ್ತಿ ನೋಡಿದಳು. "ಅಲ್ರಾ, ಅದು ದಾಡಿ ಮಾಡೂದೋ, ಕೋಳಿ ಕೊಯ್ಯೂದೋ?"

"ಸುಮ್ಮನಿರು. ಹೊಸಾದು. ಕೈಗೆ ಬರೂಕೆ ಹೊತ್ತು ಬೇಕು."

"ಜಗದೀಶನ ಪ್ಲಾಸ್ಟಿಕಿಂದು ಅಲ್ಲೇ ಉಂಟಲಾ. ಅದ್ರಲ್ಲಿ ಮಾಡಿ."

"ಮಗನ ದಾಡಿ ಕಡ್ಡಿ ನಂಗೆಂತಕೆ?" ಎಂದು ಹುಲಿಯಾ ಪಟಿಕದ ಕಲ್ಲು ಹುಡುಕಿ ಗಾಯಕ್ಕೆ ಒತ್ತಿಕೊಂಡ. ಉರಿಗೆ ಕಣ್ಣಲ್ಲಿ ನೀರು ಬಂತು.

ಹೊನ್ನಮ್ಮ ಕೈ ತೊಳೆದುಕೊಂಡು ಬಂದು, ಅವನ ಗದ್ದ ಹಿಡಿದು ಆಚೆ ಈಚೆ ತಿರುಗಿಸಿ ನೋಡಿದಳು. "ಇದನ್ನ ಕಲಿಸೂಕೆ ಒಬ್ಬನೇ ಒಬ್ಬ ಇಪ್ಪುದು. ನಿಮಗೂ ಗೊತ್ತುಂಟು. ಹೋಗಿ ಕೇಳೂಕೆ ಎಂತಾ ನಾಚಿಕೆ?"

ಹುಲಿಯಾ ಗದ್ದ ಬಿಡಿಸಿಕೊಂಡು ಕನ್ನಡಿಯ ಕಡೆ ತಿರುಗಿದ.

ಅವರ ಊರು ಅವರ್ಸಾದಲ್ಲಿ ಹೆದ್ದಾರಿಯ ಪಕ್ಕ ಮಹಾಬಲೇಶ್ವರನ ಕ್ಷೌರದಂಗಡಿ ಇತ್ತು. ಊರಿಗೆಲ್ಲ ಅವನು ಮಾಬ್ಲ. ತನಗಿಂತ ಚಿಕ್ಕವರಿಗೆ ಮಾಬ್ಲಣ್ಣ. ಹುಲಿಯಾನಿಗೆ ಮೀಸೆ ಚಿಗುರಿದಾಗ ಮೊದಲು ಕತ್ತಿ ಇಟ್ಟವನು ಅವನೇ. ಮದುವೆಯ ಬೆಳಿಗ್ಗೆ ಚಪ್ಪರದಲ್ಲಿ ಮಣೆಯ ಮೇಲೆ ಕೂರಿಸಿ, "ಅಳ್ಳಾಡಬೇಡ, ಇವತ್ತು ರಕ್ತ ಬಂದ್ರೆ ನಿನ್ನ ಮಾವ ನನ್ನ ಬಿಡೂದಿಲ್ಲ" ಎಂದು ನಗಿಸುತ್ತಲೇ ಕೆಲಸ ಮುಗಿಸಿದವನೂ ಅವನೇ. ಆಮೇಲೆ ನಲವತ್ತು ವರ್ಷಕ್ಕೂ ಮೀರಿ ಪ್ರತಿ ಆದಿತ್ಯವಾರ. ಗದ್ದೆ ಕೆಲಸ, ಮಣ್ಣು ಕೆಲಸ, ಕಲ್ಲು ಹೊರುವ ಕೆಲಸ, ಏನು ಮಾಡಿ ಬಂದರೂ ವಾರಕ್ಕೊಮ್ಮೆ ಆ ಕುರ್ಚಿಯಲ್ಲಿ ಕಾಲು ಚಾಚಿದಾಗ ಹುಲಿಯಾ ಯಾರ ಆಳೂ ಆಗಿರುತ್ತಿರಲಿಲ್ಲ. ತೋಡೂರು ಕಡೆಯ ಊರುಗಳ ಜಾಗ ನೌಕಾನೆಲೆ ಕಟ್ಟಲು ಹೋದ ಸುದ್ದಿ, ಯಾರ ಬಲೆಗೆ ಎಷ್ಟು ಮೀನು ಬಿತ್ತೆಂಬ ಸುದ್ದಿ, ಜಗದೀಶ ಹುಟ್ಟಿದ ಸುದ್ದಿ, ಎಲ್ಲವೂ ಆ ಅಂಗಡಿಯಲ್ಲಿ ಹೇಳಿ ಕೇಳಿ ಮುಗಿದದ್ದು.

ಮಾಬ್ಲನ ಕಣ್ಣು ಯಾವಾಗ ಮಂಜಾಗತೊಡಗಿತೋ ಯಾರಿಗೂ ಗೊತ್ತಿಲ್ಲ. ಅವನು ಹೇಳಲಿಲ್ಲ. ಒಂದು ವಾರ ಹುಲಿಯಾನ ಕಿವಿಯ ಬುಡದಲ್ಲಿ ಕತ್ತಿ ಜಾರಿತು. ಹುಲಿಯಾ ಉಸಿರು ಬಿಗಿಹಿಡಿದು ಸುಮ್ಮನೆ ಕೂತ. ಮುಂದಿನ ವಾರ ಗದ್ದದ ಕೆಳಗೆ. ಅದರ ಮುಂದಿನ ವಾರ ಮತ್ತೆ. ಮೂರು ಸಲವೂ ಅವನು ತುಟಿ ಬಿಚ್ಚಲಿಲ್ಲ. ಎದ್ದು ಹೋಗುವಾಗ ಟವೆಲಿನ ಅಂಚಿನಿಂದ ಒತ್ತಿ ಒರೆಸಿಕೊಂಡು ಹೋದ. ನಾಲ್ಕನೆಯ ವಾರ ಅಂಕೋಲೆಗೆ ಗೊಬ್ಬರ ತರಲು ಹೋದವನು ಯಾರಿಗೂ ಹೇಳದೆ ಅಲ್ಲಿಯ ಗಾಜಿನ ಬಾಗಿಲಿನ ಸೆಲೂನು ಹೊಕ್ಕ.

ತಿರುಗಿ ಬಂದು ಬಸ್ಸು ಇಳಿದದ್ದು ಮಾಬ್ಲನ ಅಂಗಡಿಯ ಎದುರಿಗೇ. ಹೆಜ್ಜೆಯ ಸದ್ದಿಗೇ ಅವನು ಗುರುತು ಹಿಡಿದು ಕರೆದ. ಹತ್ತಿರ ಹೋದಾಗ ಕೈ ಚಾಚಿ ಹುಲಿಯಾನ ಕೆನ್ನೆ ಸವರಿದ. ಎರಡು ಬೆರಳು ಕಿವಿಯ ಹಿಂದಿನವರೆಗೂ ಹೋಗಿ ಬಂದವು.

"ಚಲೋ ಮಾಡಿದಾನೆ. ಯಾರು?"

"ನಮ್ಮ ಜಗದೀಶ," ಎಂದ ಹುಲಿಯಾ.

ಮಾಬ್ಲ ಹೂಂಗುಟ್ಟಿದ. ಮುಂದಿನ ಆದಿತ್ಯವಾರ ಅಂಗಡಿಯ ಬಾಗಿಲು ತೆರೆಯಲಿಲ್ಲ. ಮಗಳು ದೀಪಾ ಬಂದು ಅಪ್ಪನನ್ನು ಸದಾಶಿವಗಡಕ್ಕೆ ಕರೆದುಕೊಂಡು ಹೋದಳೆಂದು ಯಾರೋ ಹೇಳಿದರು. ಅದಾಗಿ ಎರಡು ವರ್ಷ. ಈ ಎರಡು ವರ್ಷ ಹುಲಿಯಾ ಅಂಕೋಲೆಯಲ್ಲೋ ಕಾರವಾರದಲ್ಲೋ ಸಿಕ್ಕಿದಲ್ಲಿ ದಾಡಿ ಮಾಡಿಸಿದ. ಎಲ್ಲಿ ಕೂತರೂ ಮುಖದ ಮೇಲೆ ಬೇರೆ ಕೈ ಬಿದ್ದ ಕೂಡಲೆ ತಾನು ಹೇಳಿದ ಆ ಎರಡು ಶಬ್ದ ನೆನಪಾಗುತ್ತಿತ್ತು. ಇನ್ನು ಯಾರ ಕೈಯೂ ಬೇಡ, ನನ್ನ ಕೈಯೇ ಸಾಕು ಎಂದು ಈ ರೇಜರು ತಂದಿದ್ದ.

ಕನ್ನಡಿಯಲ್ಲಿ ಇನ್ನೊಮ್ಮೆ ನೋಡಿಕೊಂಡ. ಒಂದು ಕಡೆ ಗಾಯ, ಇನ್ನೊಂದು ಕಡೆ ಕಾಡು. ಹೀಗೆ ಸಂಜೆಯವರೆಗೂ ಇರಲಾಗದು. ಇನ್ನೊಂದು ಕೆನ್ನೆಗೆ ಇದನ್ನು ಇಡಲು ಧೈರ್ಯವೂ ಇಲ್ಲ. ರೇಜರನ್ನು ಹಳೆಯ ಪೇಪರಿನಲ್ಲಿ ಸುತ್ತಿ ಕಿಸೆಗೆ ಹಾಕಿ, ಮುಖಕ್ಕೆ ಟವೆಲು ಸುತ್ತಿಕೊಂಡು ರಸ್ತೆಗೆ ಬಂದ.

"ಎಂತಾ ಅಜ್ಜಾ, ಹಲ್ಲು ನೋವೋ?" ಎಂದು ಕೇಳಿದ ಬಸ್ಸಿನ ಕಂಡಕ್ಟರು. ಹುಲಿಯಾ ಹೌದೆಂದು ತಲೆಯಾಡಿಸಿದ. ಕಾರವಾರದಲ್ಲಿ ಬಸ್ಸು ಬದಲಿಸಿ ಕಾಳಿ ಸೇತುವೆ ದಾಟುವಾಗ, ಇಲ್ಲಿಂದಲೇ ತಿರುಗಿ ಹೋದರೆ ಹೇಗೆ ಎಂಬ ಯೋಚನೆ ಬಂತು. ಬಸ್ಸು ನಿಲ್ಲಲಿಲ್ಲ.

ದೀಪಾಳ ಮನೆಯ ಮುಂಭಾಗವೇ ಸಣ್ಣ ಅಂಗಡಿ. ಬಿಸ್ಕಿಟು ಡಬ್ಬಿಗಳ ಹಿಂದಿನಿಂದ ಅವಳು ಮೊದಲು ಗುರುತಿಸಲಿಲ್ಲ. ಟವೆಲು ಸರಿಸಿದಾಗ ಬೆಚ್ಚಿ, ಆಮೇಲೆ ನಗು ತಡೆಯಲಾರದೆ, "ಯೆಯಾ, ಬಸಾ" ಎಂದು ಕೊಂಕಣಿಯಲ್ಲೇ ಬಂದು ಕೂರಲು ಹೇಳಿದಳು. "ಇದೆಂತಾ ಆತು ಹುಲಿಯಣ್ಣಾ ಮುಖಕ್ಕೆ?"

"ನಂದೇ ಕೆಲಸ. ಮಾಬ್ಲಣ್ಣ ಇದ್ನೋ?"

"ಹಿಂದೆ ಜಗಲಿಲಿ ಕೂತಾರೆ." ಅವಳು ದನಿ ತಗ್ಗಿಸಿದಳು. "ನೋಡಿದ್ರೆ ನಿಮಗೆ ಬೇಜಾರಾಗ್ತದೆ. ಬಾಬಾ ಯಾರ ಕೈಗೂ ಮುಖ ಕೊಡೂದಿಲ್ಲ. ನಮ್ಮನೆಯವರು ಒಂದ್ಸಲ ಪೇಟೆಗೆ ಕರ್ಕೊಂಡು ಹೋದ್ರು. ಕುರ್ಚಿ ಮೇಲೆ ಕೂತವರು ಎದ್ದೇ ಬಂದ್ರು."

ಹಿಂದಿನ ಜಗಲಿಯಿಂದ ಹೊಳೆ ಕಾಣುತ್ತಿತ್ತು. ಮಾಬ್ಲ ಅದರ ಕಡೆಗೆ ಮುಖಮಾಡಿ ಕೂತಿದ್ದ. ಎದೆಯವರೆಗೆ ಇಳಿದ ಬಿಳಿ ದಾಡಿ, ಕಿವಿಯ ಮೇಲೆ ಕೂದಲು. ದಿನಾ ಬೆಳಿಗ್ಗೆ ನುಣ್ಣಗೆ ದಾಡಿ ಮಾಡಿಕೊಂಡು, ಪೌಡರು ಹಾಕಿ ಅಂಗಡಿ ತೆರೆಯುತ್ತಿದ್ದ ಮನುಷ್ಯ. ಹುಲಿಯಾ ಬಾಗಿಲಲ್ಲೇ ನಿಂತು ಕೆಮ್ಮಿದ.

"ಹುಲಿಯಾ," ಎಂದ ಮಾಬ್ಲ, ಕತ್ತು ತಿರುಗಿಸದೆ. "ಈಗ ನೆಂಪಾತೋ?"

"ಹ್ಞಾಂ, ಮಾಬ್ಲಣ್ಣಾ."

"ಹತ್ರ ಬಾ."

ಹುಲಿಯಾ ಅವನ ಮುಂದೆ ಕುಕ್ಕರಗಾಲಿನಲ್ಲಿ ಕೂತ. ಕೈ ಬಂತು. ಎಡಗೆನ್ನೆಯ ಕಾಡು ಮುಟ್ಟಿ ನಿಂತಿತು. ಬಲಗೆನ್ನೆಗೆ ಬಂದಾಗ ಗಾಯದ ಮೇಲೆ ಬೆರಳು ತಡೆಯಿತು.

"ಕಿತೆಂ ರೇ ಹೆಂ? ಎಂತದೋ ಇದು? ಯಾರೋ ಮಾಡಿದ್ದು?"

"ನಾನೇ."

"ಖರೇ ಹೇಳು."

"ಖರೇನೇ. ಈ ಸಲ ಖರೇನೇ ಹೇಳ್ತೆ." ಹುಲಿಯಾ ಕೊರಳಿನ ಟವೆಲನ್ನು ತೆಗೆದು ಕೈಗೆ ಸುತ್ತಿಕೊಂಡ. "ಅವತ್ತು ಜಗದೀಶ ಅಲ್ಲ, ಮಾಬ್ಲಣ್ಣಾ. ಅಂಕೋಲೆಲಿ ಮಾಡ್ಸದ್ದೆ."

"ಅದು ಅವತ್ತೇ ಗೊತ್ತಾತು. ಕಿವಿ ಹಿಂದೆ ಅಷ್ಟು ಚಲೋ ತೆಗೀಬೇಕಾದ್ರೆ ಕಸಬಿನವನೇ ಆಗಬೇಕು. ನಿನ್ನ ಮಗ ತೆಗೀತಾನೋ?"

"ಅದಕ್ಕೇ ಅಂಗಡಿ ಮುಚ್ಚಿದ್ಯೋ?"

ಮಾಬ್ಲ ಅಲ್ಲವೆಂದು ತಲೆಯಾಡಿಸಿದ.

"ನೀ ಬೇರೆ ಕಡೆ ಹೋದ್ದಕ್ಕಲ್ಲ. ಗಿರಾಕಿ ಅಂದ ಮೇಲೆ ಹೋತಾರೆ, ಬತ್ತಾರೆ. ನಾ ಮೂರು ಸಲ ಕೊಯ್ದೆ. ಮೂರು ಸಲಾನೂ ನೀ ಕಲ್ಲಿನ ಹಾಂಗೆ ಕೂತ್ಯಲ್ಲೋ. ಟವೆಲು ತೊಳ್ಯುವಾಗ ಜಿಗುಟಾಗಿ ಕೈಗೆ ಸಿಕ್ತು, ಮೂಸಿ ನೋಡ್ದೆ, ರಕ್ತ. ಒಂದ್ಸಲ ಬಯ್ದಿದ್ರೆ, 'ಮುದಿಯಾ, ಕಣ್ಣು ಎಲ್ಲಿಟ್ಟೀಯೋ' ಅಂದಿದ್ರೆ, ಇನ್ನೂ ಒಂದು ವರ್ಷ ನಡೆಸ್ತಿದ್ದೆ. ನೀ ಸುಮ್ಮನಿದ್ದೆ. ಪಾಪ ಅಂತ ಕೂರೂ ಗಿರಾಕಿಗೆ ಕತ್ತಿ ಇಡೂಕೆ ಕೈ ಬರಲಿಲ್ಲ."

ಇದನ್ನು ಹುಲಿಯಾ ಎಂದೂ ಯೋಚಿಸಿರಲಿಲ್ಲ. ಎರಡು ವರ್ಷ ಅವನು ಹೊತ್ತದ್ದು ತನ್ನ ಸುಳ್ಳನ್ನು. ಸುಮ್ಮನಿದ್ದದ್ದು ತಾನು ಮಾಡಿದ ಉಪಕಾರವೆಂದೇ ಅವನು ತಿಳಿದಿದ್ದ.

"ಮುದಿಯಾ," ಎಂದ ಹುಲಿಯಾ ಕೊನೆಗೆ. "ಕಣ್ಣು ಎಲ್ಲಿಟ್ಟಿದ್ಯೋ ಅವತ್ತು?"

ಮಾಬ್ಲ ದಾಡಿ ಅಲ್ಲಾಡುವಂತೆ ನಕ್ಕ. ನಕ್ಕು ನಕ್ಕು ಕೆಮ್ಮು ಬಂತು. ದೀಪಾ ಒಳಗಿಂದ ಓಡಿ ಬಂದು ಇಬ್ಬರನ್ನೂ ನೋಡಿ, ಏನೂ ಕೇಳದೆ ಚಹಾ ಇಡಲು ಹೋದಳು.

"ಕೊಡು ನೋಡ್ವಾ, ಎಂತಾ ಆಯುಧ ಅದು?"

ಪೇಪರು ಬಿಚ್ಚಿ ಕೊಟ್ಟ. ಮಾಬ್ಲನ ಬೆರಳುಗಳು ಹಿಡಿಕೆ ತಿರುಗಿಸಿ, ಮೂರು ತುಂಡುಗಳನ್ನು ಮಡಿಲಲ್ಲಿ ಇಳಿಸಿ, ಒಂದೊಂದನ್ನೇ ಸವರಿದವು. "ನಾನೂ ಇದನ್ನ ಹಿಡಿದವ ಅಲ್ಲ. ಮನೆಲೇ ದಾಡಿ ಮಾಡ್ಕೊಳ್ಳೂ ಆಫೀಸಿನ ಸಾಹೇಬರ ಸಾಮಾನು ಅಂತ ನನ್ನಪ್ಪ ಬಯ್ತಿದ್ದ. ನಮ್ಮ ಅನ್ನಕ್ಕೆ ಕಲ್ಲು ಹಾಕೂದು ಇದೇ ಅಂತ." ತಟ್ಟೆಯನ್ನು ಎರಡು ಸಲ ಮಗುಚಿ ನೋಡಿ, "ಉಲ್ಟಾ ಹಾಕಿದ್ಯಲ್ಲೋ! ಹಲ್ಲು ಬ್ಲೇಡಿನ ಕಡೆ ಮುಖ ಮಾಡಬೇಕು. ಬ್ಲೇಡು ಬಾಗೂದೇ ಇಲ್ಲ ಹೀಂಗಾದ್ರೆ," ಎಂದು ಸರಿಯಾಗಿ ಜೋಡಿಸಿದ. ಅಂಚನ್ನು ಹೆಬ್ಬೆರಳಿನಿಂದ ಅಡ್ಡಲಾಗಿ ಮುಟ್ಟಿ ತೂಕ ನೋಡಿದ. "ಇದಕ್ಕೇ ಭಾರ ಉಂಟು. ನೀ ಭಾರ ಹಾಕೂದು ಬ್ಯಾಡ. ಸುಮ್ಮನೆ ದಾರಿ ತೋರ್ಸು."

ನೀರು, ಸಾಬೂನು ಬಂತು. ಮಾಬ್ಲ ಹುಲಿಯಾನ ಎಡಗೆನ್ನೆಗೆ ತಾನೇ ನೊರೆ ಹಚ್ಚಿದ. ರೇಜರು ಹಿಡಿದ ಹುಲಿಯಾನ ಕೈಯ ಮೇಲೆ ತನ್ನ ಕೈ ಇಟ್ಟ. ಕೆನ್ನೆಯ ಚರ್ಮ ಮೇಲಕ್ಕೆ ಎಳೆದು ಹಿಡಿದು, "ಬಿಡು... ಹ್ಞಾಂ, ಇಳಿಲಿ. ಸದ್ದು ಕೇಳು. ಹಸಿ ಹುಲ್ಲು ದನ ಮೇಯ್ದ ಹಾಂಗೆ ಕೇಳ್ಬೇಕು. ಕರ್ ಅಂತೋ, ನಿಲ್ಲಿಸು," ಎಂದ. ಮುಚ್ಚಳ ಕೆನ್ನೆಯ ಮೇಲೆ ತಣ್ಣಗೆ ಜಾರಿತು. ಉರಿಯಲಿಲ್ಲ. ಹುಲಿಯಾನ ಗದ್ದದಲ್ಲಿ ಕೂದಲು ಅಡ್ಡ ಬೆಳೆಯುವ ಜಾಗ ಅವನಿಗಿಂತ ಮೊದಲು ಆ ಕೈಗೆ ತಿಳಿದಿತ್ತು. ಅಲ್ಲಿ ತಾನಾಗಿ ಓರೆಯಾಯಿತು. ಅರ್ಧದಾರಿಯಲ್ಲಿ ಮೇಲಿನ ಕೈ ಯಾವಾಗ ಸರಿಯಿತೋ ಹುಲಿಯಾನಿಗೆ ಗೊತ್ತಾಗಲಿಲ್ಲ. ಮುಗಿದಾಗ ತನ್ನ ಕೈಯೊಂದೇ ಇತ್ತು.

ಮಾಬ್ಲ ಸವರಿ ನೋಡಿದ. "ಪಾಸು," ಎಂದ. ಮುಖ ತೊಳೆದು ಹುಲಿಯಾ ಏಳಬೇಕೆನ್ನುವಾಗ, "ಎಲ್ಲಿಗೆ?" ಎಂದು ಕುರ್ಚಿಯಲ್ಲಿ ಹಿಂದಕ್ಕೊರಗಿದ. "ಈಗ ನಂದು ಮಾಡು."

"ನಾನೋ? ನಂಗೆ ಬತ್ತಿಲ್ಲ ಮಾಬ್ಲಣ್ಣಾ. ಇವತ್ತು ಬೆಳಿಗ್ಗೆ ಹಿಡಿದದ್ದು ಇದನ್ನ."

"ಕೊಯ್ದ್ರೆ ಬಯ್ತೆ. ನಾ ನಿನ್ನ ಹಾಂಗೆ ಸುಮ್ಮನೆ ಕೂರೂ ಜಾತಿ ಅಲ್ಲ."

ಬಾಗಿಲಲ್ಲಿ ದೀಪಾ ಚಹಾದ ಲೋಟ ಹಿಡಿದು ನಿಂತಿದ್ದಳು. ಲೋಟಗಳನ್ನು ಅಲ್ಲೇ ಕಟ್ಟೆಯ ಮೇಲಿಟ್ಟು ಕತ್ತರಿ ತಂದುಕೊಟ್ಟಳು. ಹುಲಿಯಾ ಮೊದಲು ಕತ್ತರಿಯಿಂದ ದಾಡಿ ಗಿಡ್ಡ ಮಾಡಿದ. ಬಿಳಿ ಕೂದಲು ಗಾಳಿಗೆ ಅಂಗಳದಲ್ಲಿ ಓಡಾಡಿತು. ದೀಪಾಳ ಅಂಗಡಿಯ ಹೊಸ ಬ್ಲೇಡು ಹಾಕಿ, ಸಾಬೂನು ಹಚ್ಚಿ, ಚರ್ಮ ಎಳೆದು ಹಿಡಿದ. ಎಪ್ಪತ್ತು ದಾಟಿದ ಕೆನ್ನೆ ತೆಳುವಾಗಿತ್ತು, ಎಳೆದಷ್ಟೂ ಬರುತ್ತಿತ್ತು. ಭಾರ ಹಾಕಲಿಲ್ಲ. ಮೊದಲ ಪಟ್ಟಿ ಇಳಿಯಿತು. ಸದ್ದು ಸರಿ ಇತ್ತು.

"ಬಂಗಡೆ ಬಂದದ್ಯೋ ಊರಿಗೆ?" ಎಂದ ಮಾಬ್ಲ, ತುಟಿ ಹೆಚ್ಚು ಅಲ್ಲಾಡಿಸದೆ.

"ಎರಡು ದಿನದಿಂದ ಬತ್ತಾ ಉಂಟು. ಇವತ್ತು ಹೊನ್ನಮ್ಮ ತೊಳೀತಿದ್ಲು."

ಹೀಗೇ ಒಂದೊಂದು ಮಾತು. ಊರಿನ ಯಾರದೋ ಸಾವು, ಯಾರದೋ ಮದುವೆ. ಒಂದು ಕೆನ್ನೆ ಮುಗಿದು ಗದ್ದಕ್ಕೆ ಬರುವಾಗ ಮಾತು ವಿರಳವಾಯಿತು. ಗಂಟಲಿಗಾಗಿ ಹುಲಿಯಾ ಗದ್ದದ ಕೆಳಗೆ ಬೆರಳಿಡುವ ಮೊದಲೇ ಮಾಬ್ಲ ಕತ್ತು ಹಿಂದಕ್ಕೆ ಚೆಲ್ಲಿದ. ಕಾಣದ ಕಣ್ಣುಗಳನ್ನೂ ಗಿರಾಕಿಯಂತೆ ಮುಚ್ಚಿಕೊಂಡ. ಕೇಳಿದ ಪ್ರಶ್ನೆಗೆ ಉತ್ತರ ಬರದಿದ್ದಾಗ ಹುಲಿಯಾ ಬಗ್ಗಿ ನೋಡಿದ. ಬಾಯಿ ಸ್ವಲ್ಪ ತೆರೆದಿತ್ತು. ಉಸಿರು ನಿಧಾನವಾಗಿ, ಸಣ್ಣ ಗೊರಕೆಯಾಗಿ ಬರುತ್ತಿತ್ತು.

ಹುಲಿಯಾ ರೇಜರನ್ನು ಎತ್ತಿ ಹಿಡಿದ. ಇನ್ನೊಂದು ಕೆನ್ನೆಯ ನೊರೆ ಹಾಗೇ ಇತ್ತು. ಸಮುದ್ರದ ಭರತದ ನೀರು ಹೊಳೆಯೊಳಗೆ ಏರಿ ಬರುತ್ತ ದಡದ ದೋಣಿಗಳನ್ನು ಒಂದೊಂದಾಗಿ ಮಣ್ಣಿನಿಂದ ಬಿಡಿಸಿ ಎತ್ತುತ್ತಿತ್ತು. ಎಬ್ಬಿಸಲಾ ಎಂದು ದೀಪಾ ಕಣ್ಣಲ್ಲೇ ಕೇಳಿದಳು. ಹುಲಿಯಾ ಬೇಡವೆಂದು ಕೈಮಾಡಿ, ನೊರೆ ಒಣಗದಂತೆ ನಾಲ್ಕು ಬೆರಳು ನೀರಲ್ಲಿ ಅದ್ದಿ ಅದರ ಮೇಲೆ ಮೆಲ್ಲಗೆ ಸವರಿದ.