ಲಾಂಡ್ರಿ ಹೆಂಗಸರ ಏಳು ಸುರುಳಿ

ಒಂದನೇ ತರಗತಿಯಲ್ಲಿ ಮೇಣದ ಬಣ್ಣದ ಕಡ್ಡಿಗಳ ಡಬ್ಬಿಯನ್ನು ಮೊದಲ ಸಲ ತೆರೆದಾಗ ಮೂಗಿಗೆ ಬಡಿದಿದ್ದ ವಾಸನೆ ಅದು. ನಿವೃತ್ತಿಯ ಅಂಚಿನಲ್ಲಿದ್ದ, ಎಲ್ಲರೂ ಟೇಪಕ್ಕ ಎಂದೇ ಕರೆಯುತ್ತಿದ್ದ ಅವಳಿಗೆ ಆ ವಾಸನೆ ಇಂದಿಗೂ ಇಷ್ಟ. ಆದರೆ ಅವಳು ಹಳೆಯ ಧ್ವನಿಮುದ್ರಣಗಳನ್ನು ಕಾಪಿಡುತ್ತಿದ್ದ ಧ್ವನಿ ಭಂಡಾರದಲ್ಲಿ, ಹಳೆಯ ಟೇಪಿನ ಪೆಟ್ಟಿಗೆಯಿಂದ ಅದು ಬಂದರೆ ಕೆಟ್ಟ ಸುದ್ದಿಯೇ. ಟೇಪಿನ ಅಂಟು ತೇವ ಕುಡಿದಿದೆ, ಯಂತ್ರಕ್ಕೆ ಹಾಕಿದರೆ ಕಿರುಚಿ ಅಂಟಿಕೊಳ್ಳುತ್ತದೆ ಎಂದರ್ಥ.

ಪೆಟ್ಟಿಗೆಯ ಮೇಲಿನ ಚೀಟಿ: ‘ಆಸ್ಪತ್ರೆ ಲಾಂಡ್ರಿ ಹೆಂಗಸರು, ಏಳು ಸುರುಳಿ.’ ಅದನ್ನು ಕೇಳದೆಯೇ, ಉಳಿಸಬೇಕಾದ ಟೇಪುಗಳ ಪಟ್ಟಿಯಲ್ಲಿ ‘ಬೇಡ’ ಎಂದು ಬರೆದವಳು ಟೇಪಕ್ಕನೇ. ಮರುದಿನ ಗುಜರಿ ಗಾಡಿ ಬರುವುದಿತ್ತು.

ಬೆಳಗಿನ ಚಹಾ ತಂದ ಕ್ಯಾಂಟೀನಿನ ಅಡುಗೆಯವಳು ಚೀಟಿ ಓದಿ ಲೋಟ ಇಡುವುದನ್ನೇ ಮರೆತಳು.

“ನಮ್ಮತ್ತೆ ಮೂವತ್ತು ವರ್ಷ ಅಲ್ಲೇ ಬಟ್ಟೆ ಒಗೆದ್ರು ಟೇಪಕ್ಕ. ಯಾರೋ ಬಂದು ಟೇಪಲ್ಲಿ ಮಾತು ಹಿಡ್ಕೊಂಡು ಹೋಗಿದ್ರಂತೆ. ನಾನು ಸೊಸೆಯಾಗಿ ಬರೋದ್ರೊಳಗೆ ಲಕ್ವ ಹೊಡೆದು ಮಾತು ಬಿದ್ದುಹೋಗಿತ್ತು. ಅವರ ದನಿ ಹೇಗಿತ್ತೋ, ನಂಗೆ ಗೊತ್ತೇ ಇಲ್ಲ.”

ಟೇಪಕ್ಕ ಪಟ್ಟಿ ಹಿಡಿದು ಭಂಡಾರದ ಮುಖ್ಯಸ್ಥರಾದ ಸಾಹೇಬರ ಕೋಣೆಗೆ ಹೋದಳು.

“ಬೇಡ ಅಂದೋರು ನೀವೇ ಅಲ್ವಾ?” ಎಂದರು ಸಾಹೇಬರು. “ದೊಡ್ಡೋರ ಭಾಷಣಗಳೇ ಮುನ್ನೂರು ಸುರುಳಿ ಬಾಕಿ ಇವೆ. ಇರೋ ಕಪಾಟು ಇಷ್ಟೇ. ನಾನೇನು ತಲೆ ಮೇಲೆ ಇಟ್ಕೊಳ್ಲಾ?”

“ತಪ್ಪು ನಂದೇ ಸಾರ್. ಆ ಭಾಷಣಗಳು ಪತ್ರಿಕೇಲೂ ಇವೆ, ಪುಸ್ತಕದಲ್ಲೂ ಇವೆ. ಇವರ ಮಾತು ಇದೊಂದು ಪೆಟ್ಟಿಗೇಲಿ ಮಾತ್ರ.”

“ಓಡದೇ ಇರೋದನ್ನ ಇಟ್ಕೊಂಡು ಏನು ಮಾಡೋದು?” ಸಾಹೇಬರು ಕೆಟ್ಟವರಲ್ಲ, ಕಪಾಟಿನ ಚಿಂತೆಯಲ್ಲಿ ಬಡವಾದವರು. “ಸರಿ, ನಾಳೆ ಗಾಡಿ ಬರೋದ್ರೊಳಗೆ ಓಡಿದ್ರೆ ಇರ್ಲಿ. ಇಲ್ಲಾಂದ್ರೆ ಆಮೇಲೆ ನನ್ನನ್ನ ಬೈಬೇಡಿ.”

ತೇವ ಕುಡಿದ ಟೇಪನ್ನು ಹದವಾದ ಕಾವಿನಲ್ಲಿ ಎಂಟು ಗಂಟೆ ಇಟ್ಟರೆ ಕೆಲವು ದಿನದ ಮಟ್ಟಿಗೆ ಸರಿಹೋಗುತ್ತದೆ. ಭಂಡಾರದ ಕಾವುಪೆಟ್ಟಿಗೆಯಲ್ಲಿ ಭಾಷಣದ ಸುರುಳಿಗಳು ಕೂತಿದ್ದವು. ಉಳಿದದ್ದು ಕ್ಯಾಂಟೀನಿನಲ್ಲಿ ಬನ್ನು ಬೇಯಿಸುವ ಒಲೆಪೆಟ್ಟಿಗೆ.

“ಟೇಪ್ ಬೇಯಿಸ್ತೀರಾ? ಉಪ್ಪು ಖಾರ ಎಷ್ಟು ಹಾಕ್ಲಿ?” ಎಂದು ನಕ್ಕ ಅಡುಗೆಯವಳೇ ಆ ದಿನವಿಡೀ ಉಷ್ಣಮಾಪಕದಿಂದ ಕಣ್ಣು ಕೀಳಲಿಲ್ಲ. ಸಂಜೆಗೆ ಸುರುಳಿಗಳನ್ನು ತೆಗೆದು ಆರಲು ಬಿಟ್ಟರು.

ಮರುದಿನ ಅವಳು ಅತ್ತೆಯ ತೋಳು ಹಿಡಿದು ಕರೆತಂದಳು. ಮೊದಲ ಸುರುಳಿ ಅಂಟಲಿಲ್ಲ. ಉಗಿಯ ಸದ್ದು, ಬಕೆಟ್ಟಿನ ಸದ್ದು, ಆಮೇಲೆ ಗಂಟಲು ಬಿಚ್ಚಿ ನಗುವ ಒಂದು ದನಿ:

“ನಮ್ಮ ಹೆಸರನ್ನ ಯಾವ ಬೋರ್ಡಿಗೂ ಹಾಕೋದು ಬೇಡ ಮಾರಾಯ. ಆ ರಕ್ತದ ಬಟ್ಟೆ ಮುಟ್ಟೋಕೆ ಒಂದೊಂದು ಜೊತೆ ಕೈಗವಸು ಕೊಡ್ಸು, ಸಾಕು.”

ಮುದುಕಿ ತನ್ನ ಎದೆಯ ಮೇಲೆ ಕೈಯಿಟ್ಟು ತೋರಿಸಿದಳು: ನಾನು. ಸೊಸೆ ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, “ಇಷ್ಟು ಜೋರಾ ನೀವು?” ಎಂದಳು.

ಬಾಗಿಲಲ್ಲಿ ನಿಂತಿದ್ದ ಸಾಹೇಬರು ಒಳಗೆ ಬಂದು, ಎರಡನೆಯ ಸುರುಳಿಯನ್ನು ತಾವೇ ಯಂತ್ರಕ್ಕೆ ಏರಿಸಿದರು. ಗಾಡಿ ಬಂದಿದೆ ಎಂದು ಕಾವಲುಗಾರ ಬಂದು ಹೇಳಿದ. “ಈ ಪೆಟ್ಟಿಗೆ ಹೋಗಲ್ಲ ಅನ್ನು,” ಎಂದರು, ತಲೆಯೆತ್ತದೆ. ಮಧ್ಯಾಹ್ನದ ಬಿಡುವು ಮುಗಿದು ಕ್ಯಾಂಟೀನು ಖಾಲಿಯಾಯಿತು. ಸಾಹೇಬರು ಊಟ ಮರೆತು ಇನ್ನೂ ಕಿವಿಗೊಟ್ಟು ಕೂತೇ ಇದ್ದರು.

ಮುದುಕಿ ಎದ್ದಳು. ಗೋಡೆ ಹಿಡಿದು ಕ್ಯಾಂಟೀನಿಗೆ ಹೋಗಿ, ಸ್ವಲ್ಪ ಹೊತ್ತಿಗೆ ಸರಿಯಿದ್ದ ಒಂದೇ ಕೈಯಲ್ಲಿ ಬಿಸಿ ಅನ್ನದ ತಟ್ಟೆ ಹಿಡಿದು ಬಂದು, ಸಾಹೇಬರ ಕೈಗೆ ಕೊಟ್ಟಳು.